ಅಚ್ಚು ಅವರದು, ಪಾಕ ನಮ್ಮದು: ಊರ ಗ್ರಂಥಾಲಯದಿಂದ ಕಂಡ ಅಮೆರಿಕ

ಮುಂಡರಗಿ ತಾಲೂಕಿನ ಒಂದು ಹಳ್ಳಿ. ಗ್ರಾಮ ಪಂಚಾಯತಿ ಪಕ್ಕದಲ್ಲಿ ಒಂದೇ ಕೋಣೆಯ ಗ್ರಂಥಾಲಯ, ನಡುವೆ ಉದ್ದನೆಯ ಮೇಜು. ಸಂಜೆ ನಾಲ್ಕರ ಹೊತ್ತಿಗೆ ನಾವು ಒಳಗೆ ಹೋದಾಗ ಮೇಜಿನ ಒಂದು ತುದಿಗೆ ಅಜ್ಜಾರೊಬ್ಬರು ಪೇಪರಿನ ಜಿಲ್ಲಾ ಪುಟ ಹಿಡಿದು ಶೇಂಗಾ ಧಾರಣೆ ನೋಡುತ್ತಿದ್ದರು. ಇನ್ನೊಂದು ತುದಿಗೆ ಐದನೇ ತರಗತಿಯ ಹುಡುಗ ಚಿತ್ರದ ಪುಸ್ತಕ ತಿರುವುತ್ತಿದ್ದ. ಅವನ ಶಾಲೆ ಚೀಲದ ಮೇಲೆ ಸ್ಪೈಡರ್‌ಮ್ಯಾನ್ ಇದ್ದ.

ನಾವು ಹೋಗಿದ್ದು 2011ರ ಹಳೆ ಪೇಪರು ಹುಡುಕಲು. ಆ ವರ್ಷ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿ ಇದೇ ತಾಲೂಕಿನ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಲು ಹೊರಟಿತ್ತು. ಭೂಮಿ ಕೊಡುವುದಿಲ್ಲ ಎಂದು ರೈತರು ಎದ್ದು ನಿಂತರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಜೊತೆಗೆ ನಿಂತರು. ಜುಲೈ ತಿಂಗಳಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ನಮ್ಮ ಜಿಲ್ಲೆಯ ಇತ್ತೀಚಿನ ಚರಿತ್ರೆಯಲ್ಲಿ ಅದೊಂದು ದೊಡ್ಡ ಘಟನೆ. ಯಾವ ದಿನ ಯಾವ ಊರಿನವರು ಬಂದಿದ್ದರು, ಯಾರು ಏನು ಮಾತಾಡಿದರು ಎಂಬುದು ಜಿಲ್ಲಾ ಪುಟದಲ್ಲಿ ಸಿಗಬಹುದೆಂದು ನಾವು ಅಂದುಕೊಂಡಿದ್ದೆವು.

“ಅಕ್ಕಾರ, 2011ರ ಪೇಪರು ಅದಾವೇನ್ರಿ?” ಎಂದು ಮೇಲ್ವಿಚಾರಕಿಯನ್ನು ಕೇಳಿದೆವು.

“ಅಷ್ಟು ಹಳೇವು ಎಲ್ಲಿ ಉಳಿತಾವ್ರಿ? ಕೆಲವು ತಿಂಗಳು ಇಟ್ಟು ರದ್ದಿಗೆ ಹಾಕ್ತೀವಿ. ಇಡಾಕ ಜಾಗಾ ಬೇಕಲ್ರಿ” ಎಂದರು. ಅವರದೇನೂ ತಪ್ಪಿಲ್ಲ. ಆ ಕೋಣೆಯಲ್ಲಿ ಇನ್ನೊಂದು ಕಪಾಟು ಹಿಡಿಸುವಂತಿರಲಿಲ್ಲ.

ಹೊರಗೆ ಬಂದು ಸುಮ್ಮನೆ ಫೋನು ತೆಗೆದು ನೋಡಿದೆವು. ಆ ಹುಡುಗನ ಚೀಲದ ಮೇಲಿದ್ದ ಸ್ಪೈಡರ್‌ಮ್ಯಾನ್ ಮೊದಲ ಸಲ ಅಚ್ಚಾದದ್ದು 1962ರ ಆಗಸ್ಟ್ ಸಂಚಿಕೆಯಲ್ಲಿ. ಯಾರು ಬರೆದರು, ಯಾರು ಚಿತ್ರ ಬಿಡಿಸಿದರು, ಎಲ್ಲ ಒಂದೇ ನಿಮಿಷದಲ್ಲಿ ಸಿಕ್ಕಿತು. ಅರವತ್ತು ವರ್ಷ ಹಿಂದಿನ ಅಮೆರಿಕದ ಕಥೆ ಸಿಗುತ್ತದೆ, ಮೊನ್ನೆ ಮೊನ್ನೆಯ ಹಳ್ಳಿಗುಡಿಯ ಕಥೆ ಸಿಗುವುದಿಲ್ಲ. ಇದು ಹೇಗಾಯಿತು? ಅಮೆರಿಕ ನಮ್ಮ ಊರ ಮೇಜಿನ ಮೇಲೆ ಬಂದು ಕುಳಿತದ್ದು ಯಾವಾಗ? ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆ ಇದು.

ಮೊದಲು ಬಂದದ್ದು ಬೀಜ

ಅಮೆರಿಕ ನಮ್ಮ ಕಡೆ ಫೋನಿನಲ್ಲಿ ಬರಲಿಲ್ಲ, ಟಿವಿಯಲ್ಲೂ ಬರಲಿಲ್ಲ. ಅದು ಬಂದದ್ದು ಹತ್ತಿಯ ಚೀಲದಲ್ಲಿ.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಯುವವರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ದೇಶದ ಹಲವು ಕಡೆ ಬಿತ್ತಿಸಿತು. ಬಹಳ ಕಡೆ ಅದು ಕೈಕೊಟ್ಟಿತು. ಧಾರವಾಡ ಜಿಲ್ಲೆಯ ಎರೆ ಭೂಮಿಯಲ್ಲಿ ಮಾತ್ರ ಹಿಡಿಯಿತು. ಆಗ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ನಮ್ಮ ಹಿರಿಯರು ಆ ಹತ್ತಿಗೆ ವಿಲಾಯ್ತಿ ಹತ್ತಿ ಎಂದರು, ಮೊದಲಿನಿಂದ ಇದ್ದದ್ದಕ್ಕೆ ಜವಾರಿ ಹತ್ತಿ ಎಂದರು. ವಿಲಾಯ್ತಿ ಹತ್ತಿಯ ಅರಳೆ ಕಾಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಊರಿನ ಹಳೆಯ ಸಾಧನದಲ್ಲಿ ಬಿಡಿಸಲು ಆಗುತ್ತಿರಲಿಲ್ಲ. ಹಾಗಾಗಿ ಗರಗಸದಂಥ ಹಲ್ಲಿನ ಜಿನ್ ಯಂತ್ರವೂ ಬೀಜದ ಹಿಂದೆಯೇ ಬಂತು.

1861ರಲ್ಲಿ ಅಮೆರಿಕದಲ್ಲಿ ಉತ್ತರ ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ಹತ್ತಿತು. ದಕ್ಷಿಣದ ಬಂದರುಗಳನ್ನು ಉತ್ತರದವರ ಹಡಗುಗಳು ಮುಚ್ಚಿಹಾಕಿದವು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಹೋಗುವುದು ನಿಂತಿತು. ಅವರು ಮುಂಬೈ ಕಡೆ ಕೈಚಾಚಿದರು. ನಮ್ಮ ಕಡೆ ಹತ್ತಿಯ ಬೆಲೆ ಯಾರೂ ಕಂಡಿರದಷ್ಟು ಏರಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಏರಿದಾಗ ಸಾಲ ಮಾಡಿದವರು ಇಳಿದಾಗ ಮುಳುಗಿದರು. ಲಿಂಕನ್ ಎಂಬ ಹೆಸರು ಕೇಳದ ರೈತನ ಅಂಗಳಕ್ಕೂ ಅವನ ಯುದ್ಧ ಬಂದು ಹೋಗಿತ್ತು.

ಇಲ್ಲಿ ಒಂದು ಮಾತು ಗಮನಿಸಬೇಕು. ದೂರದ ದೇಶದ ಸುದ್ದಿ ತಿಳಿದವನಿಗೆ ಲಾಭ, ತಿಳಿಯದವನಿಗೆ ನಷ್ಟ ಎಂಬ ಕಾಲ ಅಲ್ಲಿಂದ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟದ್ದು 1843ರಲ್ಲಿ. ಅದನ್ನು ತಂದ ಬಾಸೆಲ್ ಮಿಷನ್‌ನವರು 1841ರಲ್ಲೇ ನಮ್ಮ ಬೆಟಗೇರಿಗೆ ಬಂದು ನೆಲೆ ಹಾಕಿದ್ದರು. 1884ರಲ್ಲಿ ಗದಗಿಗೆ ರೈಲು ಬಂತು. ಹತ್ತಿ ಒಯ್ಯುವ ರೈಲಿನಲ್ಲೇ ಪತ್ರಿಕೆಯೂ ಬರುವಂತಾಯಿತು. ಓದು ಬಲ್ಲವನೊಬ್ಬ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕುಳಿತು ಕೇಳುವುದು: ನಮ್ಮ ಕಡೆಯ ವಾಚನಾಲಯಕ್ಕೆ ಇದೇ ಬೇರು.

ವಿಲಾಯ್ತಿ ಹತ್ತಿಯೂ ಹೊರಗಿನದಾಗಿ ಉಳಿಯಲಿಲ್ಲ. ವರ್ಷ ವರ್ಷ ಬೀಜ ಎತ್ತಿಟ್ಟು ಬಿತ್ತಿದ ಮೇಲೆ ಅದು ಈ ಮಣ್ಣಿಗೆ ಒಗ್ಗಿತು. ಕಳೆದ ಶತಮಾನದ ಆರಂಭದಲ್ಲಿ ಕೃಷಿ ಇಲಾಖೆಯವರು ಅದರಿಂದಲೇ ಆರಿಸಿ ತೆಗೆದ ತಳಿಗೆ ಗದಗ 1 ಎಂದೇ ಹೆಸರಾಯಿತು. ಅಮೆರಿಕದ ಹತ್ತಿಗೆ ನಮ್ಮೂರ ಹೆಸರು ಬಿತ್ತು.

ಪುಸ್ತಕದ ಬೆನ್ನಿನ ಅಂಕಿ

ದೊಡ್ಡ ಗ್ರಂಥಾಲಯಗಳಿಗೆ ಹೋದರೆ ಪುಸ್ತಕದ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ, ಅದರ ಮೇಲೆ ಅಂಕಿ. ಆ ಅಂಕಿಯ ಲೆಕ್ಕ ಹಾಕಿದವನು ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದವನು. 1876ರಲ್ಲಿ ಅವನು ಈ ಪದ್ಧತಿ ಅಚ್ಚು ಹಾಕಿಸಿದಾಗ ವಯಸ್ಸು ಇಪ್ಪತ್ತನಾಲ್ಕು. ಲೋಕದ ಎಲ್ಲ ವಿದ್ಯೆಯನ್ನು ಹತ್ತು ಭಾಗ ಮಾಡಿ, ಒಂದೊಂದನ್ನು ಮತ್ತೆ ಹತ್ತು ಮಾಡಿದ. ಸಾಹಿತ್ಯಕ್ಕೆ 800. ಅದರಲ್ಲಿ ಅಮೆರಿಕದ ಸಾಹಿತ್ಯಕ್ಕೆ 810, ಇಂಗ್ಲೆಂಡಿನದಕ್ಕೆ 820, ಆಮೇಲೆ ಯುರೋಪಿನ ಭಾಷೆಗಳಿಗೆ ಒಂದೊಂದು ಮನೆ. ಉಳಿದ ಜಗತ್ತೆಲ್ಲ 890ರೊಳಗೆ. ಆ ಗುಂಪಿನಲ್ಲಿ ಕನ್ನಡ ಸಾಹಿತ್ಯಕ್ಕೆ ಸಿಕ್ಕ ಅಂಕಿ 894.814.

10ನೇ ಶತಮಾನದ ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯ ಕನ್ನಡದ ತಿರುಳು ಎಂದು ಹೇಳಿಕೊಂಡ. ಪುಲಿಗೆರೆ ಎಂದರೆ ಇವತ್ತಿನ ನಮ್ಮ ಲಕ್ಷ್ಮೇಶ್ವರ. ಅಂಥ ಸಾವಿರ ವರ್ಷದ ಸಾಹಿತ್ಯ ಅಮೆರಿಕದ ಕಪಾಟಿನಲ್ಲಿ ಒಂದು ಚುಕ್ಕಿಯ ಆಚೆಗೆ ಹೋಗಿ ಕುಳಿತಿತು. ಕಪಾಟು ಮಾಡಿದವನು ತನ್ನ ಮನೆಯ ಸಾಮಾನಿಗೆ ಮೊದಲು ಜಾಗ ಮಾಡಿಕೊಳ್ಳುತ್ತಾನೆ. ಇದು ನಮ್ಮ ಎಸ್.ಆರ್. ರಂಗನಾಥನ್ ಅವರಿಗೆ ಗೊತ್ತಿತ್ತು. ಅವರು 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಬೇರೆಯೇ ಪದ್ಧತಿ ಕಟ್ಟಿದರು.

ಊರೂರಿಗೆ ಪುಸ್ತಕ ಕಳಿಸುವ ಕೆಲಸದಲ್ಲೂ ಅಮೆರಿಕದವರ ಕೈ ಇದೆ. 1910ರಲ್ಲಿ ಬರೋಡದ ಸಯಾಜಿರಾವ್ ಮಹಾರಾಜರು ವಿಲಿಯಂ ಬೋರ್ಡೆನ್ ಎಂಬ ಅಮೆರಿಕದ ಗ್ರಂಥಪಾಲಕನನ್ನು ಕರೆಸಿದರು. ಅವನ ಕಾಲದಲ್ಲಿ ಬರೋಡ ಸಂಸ್ಥಾನದ ಹಳ್ಳಿಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಹೋಗಿ ಬರುತ್ತಿದ್ದವು. ಪುಸ್ತಕ ಬೀಗದೊಳಗೆ ಇರುವುದಕ್ಕಲ್ಲ, ಓದುಗನ ಕೈಗೆ ಹೋಗುವುದಕ್ಕೆ ಎಂಬ ಮಾತು ಆಗ ಹೊಸದು.

ಗೌರಿ ಹುಣ್ಣಿಮೆಯ ಅಚ್ಚು

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುತ್ತಾರೆ. ಕಟ್ಟಿಗೆಯ ಅಚ್ಚಿಗೆ ಸಕ್ಕರೆ ಪಾಕ ಹೊಯ್ದರೆ ಆನೆ, ಕುದುರೆ, ತೇರು ಆಗುತ್ತವೆ. ಅಚ್ಚು ಯಾರ ಮನೆಯಿಂದ ಕಡ ತಂದರೂ ನಡೆಯುತ್ತದೆ. ಪಾಕ ಮಾತ್ರ ನಮ್ಮ ಒಲೆಯ ಮೇಲಿನದು. ಅಮೆರಿಕದಿಂದ ಬಂದ ಬಹಳಷ್ಟನ್ನು ನಮ್ಮ ಹಿರಿಯರು ಹೀಗೇ ಬಳಸಿದರು.

ಗ್ರಾಮಾಫೋನ್ ನೋಡಿ. ಎಮಿಲ್ ಬರ್ಲಿನರ್ ಅಮೆರಿಕದಲ್ಲಿ ಅದನ್ನು ಕಂಡುಹಿಡಿದದ್ದು 1887ರಲ್ಲಿ. ಮುಂದೆ ಗದಗಿನ ಒಬ್ಬ ಹುಡುಗ ಅಂಗಡಿಯಲ್ಲಿ ಹಚ್ಚಿದ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ, ಹಾಡಿದರೆ ಹೀಗೇ ಹಾಡಬೇಕು ಎಂದು ಹಟ ಹಿಡಿದ. 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟೇ ಹೋದ. ಅವರೇ ಪಂಡಿತ ಭೀಮಸೇನ ಜೋಶಿ. ಪೆಟ್ಟಿಗೆ ಅಮೆರಿಕದ್ದು, ಹಾಡು ನಮ್ಮದು.

ಕಸ್ತೂರಿ ಮಾಸಿಕವೂ ಹಾಗೇ. 1922ರಲ್ಲಿ ಅಮೆರಿಕದಲ್ಲಿ ರೀಡರ್ಸ್ ಡೈಜೆಸ್ಟ್ ಎಂಬ ಸಣ್ಣ ಆಕಾರದ ಪತ್ರಿಕೆ ಶುರುವಾಯಿತು. ನಾಲ್ಕಾರು ಕಡೆಯ ಒಳ್ಳೆಯ ಬರಹ ಒಂದೇ ಕಡೆ, ದೊಡ್ಡ ಪುಸ್ತಕದ ಸಾರ ಕೊನೆಯಲ್ಲಿ, ನಡುನಡುವೆ ನಗೆಹನಿ. ಆ ಮಾದರಿ ಹಿಡಿದು 1956ರಲ್ಲಿ ಹುಬ್ಬಳ್ಳಿಯಿಂದ ಕಸ್ತೂರಿ ಹೊರಟಿತು. ಪಾ.ವೆಂ. ಆಚಾರ್ಯರು ಅದನ್ನು ಬೆಳೆಸಿದರು. ಒಂದೊಂದು ಕನ್ನಡ ಪದದ ಹುಟ್ಟು ಹುಡುಕುವ ಅವರ ಅಂಕಣಕ್ಕಾಗಿ ಕಾಯುತ್ತಿದ್ದ ಓದುಗರಿದ್ದರು. ಆಕಾರ ಅಮೆರಿಕದ್ದು, ಒಳಗಿನ ಜಾಣತನ ಪೂರಾ ಕನ್ನಡದ್ದು.

ಮಕ್ಕಳ ಚಿತ್ರಕಥೆಯ ಚರಿತ್ರೆ ಇನ್ನೂ ಸ್ವಾರಸ್ಯ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದರು. ಅದರ ನಾಯಕ ಫ್ಯಾಂಟಮ್, ಅಮೆರಿಕದ ಲೀ ಫಾಕ್ 1936ರಲ್ಲಿ ಹುಟ್ಟಿಸಿದ ವೀರ. ಮೂಲದಲ್ಲಿ ಅವನ ಕಾಡಿನ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು. ಇಲ್ಲಿ ಗಲಾಟೆ ಆಗದಿರಲೆಂದು ಅದನ್ನು ಡೆಂಕಾಲಿ ಎಂದು ಬದಲಿಸಿದರು. ಈ ಕಾಮಿಕ್ಸ್ ಕನ್ನಡದಲ್ಲೂ ಬಂತು.

1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸ್ ಪರವಾಗಿ ಅಮೆರಿಕದ ಮಕ್ಕಳ ಚಿತ್ರಕಥೆಗಳನ್ನು ಕನ್ನಡಕ್ಕೆ ತಂದರು. ಸಿಂಡರೆಲ್ಲಾದಂಥ ಹತ್ತು ಪುಸ್ತಕ. ಅವುಗಳ ಸರಣಿಯ ಹೆಸರು ಅಮರ ಚಿತ್ರ ಕಥೆ. ಆಮೇಲೆ ಕಾರ್ಕಳದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಅದೇ ಅಚ್ಚಿಗೆ ನಮ್ಮ ಪುರಾಣ, ಚರಿತ್ರೆಯ ಪಾಕ ಬಿತ್ತು. ಕೃಷ್ಣನ ಕಥೆಗೆ 11ನೇ ಸಂಖ್ಯೆ ಬಂದದ್ದು ಅದಕ್ಕೇ, ಮೊದಲಿನ ಹತ್ತು ಪರದೇಶದ ಕಥೆಗಳಿಗೆ ಹೋಗಿದ್ದವು. ದೇಶದ ಮನೆಮನೆ ಓದಿದ ಅಮರ ಚಿತ್ರ ಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ.

ಇನ್ನೊಂದು ಪುಸ್ತಕದ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಲಾರಾ ಇಂಗಲ್ಸ್ ವೈಲ್ಡರ್ ಎಂಬ ಹೆಣ್ಣುಮಗಳು ತನ್ನ ಬಾಲ್ಯದ ಬಡ ಒಕ್ಕಲುತನದ ಕಥೆಯನ್ನು 1932ರಿಂದ ಪುಸ್ತಕಗಳಾಗಿ ಬರೆದಳು. ಎಸ್. ಅನಂತನಾರಾಯಣ ಅವುಗಳನ್ನು ಕನ್ನಡಕ್ಕೆ ತಂದರು. ಅದರಲ್ಲಿ ಒಂದು ಕಡೆ, ಕೈಗೆ ಬಂದ ಗೋದಿಯನ್ನು ಮಿಡತೆ ಬಂದು ತಿಂದು ಹೋಗುತ್ತವೆ, ಅಪ್ಪ ಕೂಲಿ ಹುಡುಕಿಕೊಂಡು ನೂರಾರು ಮೈಲಿ ನಡೆದು ಹೋಗುತ್ತಾನೆ. ಬರ ಬಿದ್ದಾಗ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರ ಮಕ್ಕಳಿಗೆ ಇದು ಯಾವ ದೇಶದ ಕಥೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ಕುಟುಂಬ ಗುಡಿಸಲು ಹಾಕಿದ ನೆಲ ಒಸೇಜ್ ಎಂಬ ಮೂಲ ನಿವಾಸಿಗಳದು ಎಂಬುದೂ ನಿಜ. ಆ ಜನರ ಬಗ್ಗೆ ಪುಸ್ತಕದಲ್ಲಿರುವ ಮಾತು ಸರಿಯಿಲ್ಲವೆಂದು 2018ರಲ್ಲಿ ಅಮೆರಿಕದ ಮಕ್ಕಳ ಗ್ರಂಥಪಾಲಕರ ಸಂಘ ಲಾರಾಳ ಹೆಸರಿನ ಪ್ರಶಸ್ತಿಗೆ ಬೇರೆ ಹೆಸರಿಟ್ಟಿತು. ಪುಸ್ತಕವನ್ನು ಮಾತ್ರ ಕಪಾಟಿನಿಂದ ತೆಗೆಯಿರಿ ಎನ್ನಲಿಲ್ಲ. ಇಟ್ಟುಕೊಂಡೇ ಪ್ರಶ್ನೆ ಕೇಳುವುದು ಗ್ರಂಥಾಲಯದ ರೀತಿ.

ನಿಮ್ಮ ರಸೀದಿಯಲ್ಲಿರುವ ಗ್ರಂಥಾಲಯ

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾನೂನು ಆದದ್ದು 1965ರಲ್ಲಿ, ಜಾರಿಗೆ ಬಂದದ್ದು 1966ರ ನವೆಂಬರ್ 1ರಂದು. ನಗುವ ಮಾತೆಂದರೆ, ಅದಾದ ಎರಡೇ ತಿಂಗಳಿಗೆ, 1967ರ ಜನವರಿ ಸಂಚಿಕೆಯ ಅಮೆರಿಕದ ಕಾಮಿಕ್ಸ್ ಒಂದರಲ್ಲಿ ಬಾರ್ಬರಾ ಗಾರ್ಡನ್ ಎಂಬ ಹುಡುಗಿ ಬ್ಯಾಟ್‌ಗರ್ಲ್ ಆದಳು. ರಾತ್ರಿ ಕಳ್ಳರನ್ನು ಹಿಡಿಯುವ ಅವಳ ಹಗಲಿನ ನೌಕರಿ ಊರ ಗ್ರಂಥಾಲಯದಲ್ಲಿ. ಅಕ್ಕಾರಿಗೆ ಇದನ್ನು ಹೇಳಿದಾಗ, “ಆಕಿಗೂ ಪಗಾರ ತಡಾ ಆಗ್ತಿತ್ತೇನ್ರಿ?” ಎಂದು ಕೇಳಿದರು.

ಆ ಕಾನೂನು ಗ್ರಂಥಾಲಯ ಕರ ತಂದಿತು. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ನಿಮ್ಮ ಮನಿಪಟ್ಟಿ ರಸೀದಿ ತೆಗೆದು ನೋಡ್ರಿ, ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ. ಅಂದರೆ ಊರ ಗ್ರಂಥಾಲಯ ಯಾರೋ ದಯೆಯಿಂದ ಕೊಟ್ಟದ್ದಲ್ಲ, ನಾವು ದುಡ್ಡು ಕಟ್ಟಿ ನಡೆಸುತ್ತಿರುವುದು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚಿವೆ. 2020ರ ಮಕ್ಕಳ ದಿನಾಚರಣೆಯಂದು ಓದುವ ಬೆಳಕು ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆಯಾಯಿತು. ಈಗ ಇವುಗಳ ಹೆಸರು ಅರಿವು ಕೇಂದ್ರ. ಮುಂಡರಗಿಯ ಆ ಹುಡುಗ ಸದಸ್ಯನಾದದ್ದು ಇದೇ ದಾರಿಯಿಂದ.

ಈಗ ಬದಲಾಗಿದ್ದೇನು?

ಮೊದಲು ಅಚ್ಚು ಬರುತ್ತಿತ್ತು, ಪಾಕ ನಾವು ಹೊಯ್ಯುತ್ತಿದ್ದೆವು. ಈಗ ಅಚ್ಚು, ಪಾಕ ಎರಡೂ ತಯಾರಾಗಿಯೇ ಬರುತ್ತವೆ. ಹತ್ತಿಯನ್ನೇ ನೋಡಿ. ಹಳೆಯ ವಿಲಾಯ್ತಿ ಹತ್ತಿಯ ಬೀಜ ಎತ್ತಿಟ್ಟರೆ ಮುಂದಿನ ವರ್ಷಕ್ಕೆ ಬರುತ್ತಿತ್ತು. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿಯ ತಂತ್ರವೂ ಅಮೆರಿಕದ ಕಂಪನಿಯದೇ, ಆದರೆ ಆ ಹೈಬ್ರಿಡ್ ಬೀಜ ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ಕಥೆಯೂ ಹಾಗೇ ಆಗಿದೆ. ಫೋನು ತೆಗೆದರೆ ಸ್ಪೈಡರ್‌ಮ್ಯಾನ್ ತಾನಾಗಿ ಬರುತ್ತಾನೆ. ಅವತಾರ್ ಎರಡನೇ ಭಾಗ 2022ರಲ್ಲಿ ಕನ್ನಡದಲ್ಲೇ ಮಾತಾಡಿತು. ಅದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ. ಮಕ್ಕಳು ನೋಡಲಿ, ನಾವೂ ನೋಡುತ್ತೇವೆ. ಬೇಸರ ಇರುವುದು ಬೇರೆ ಕಡೆ: ನಮ್ಮ ಊರಿನ ಕಥೆ ಫೋನಿನಲ್ಲೂ ಇಲ್ಲ, ಕಪಾಟಿನಲ್ಲೂ ಇಲ್ಲ.

ನಮ್ಮ ಜಿಲ್ಲೆಯ ದೊಡ್ಡ ಘಟನೆಗಳು ಪುಸ್ತಕದಲ್ಲಿ ಸೇರಿವೆ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದದ್ದು, 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ್ದು ಮರೆತುಹೋಗುವುದಿಲ್ಲ. ಆದರೆ ಊರಿನ ದಿನದಿನದ ಬದುಕು? ಯಾವ ವರ್ಷ ಕೆರೆ ತುಂಬಿತು, ಶಿರಹಟ್ಟಿ ಫಕೀರೇಶ್ವರ ಜಾತ್ರೆಗೆ ಆ ಸಲ ಯಾವ ನಾಟಕ ಬಂದಿತ್ತು, ಮಾಗಡಿ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಯಾವ ವಾರ ಇಳಿದವು, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮ ಆಗುವ ಮೊದಲು ಎಷ್ಟು ಸಲ ಜನ ಬೀದಿಗೆ ಇಳಿದಿದ್ದರು? ಇವೆಲ್ಲ ಜಿಲ್ಲಾ ಪುಟದಲ್ಲಿ ಬಂದು, ಮೇಜಿನ ಮೇಲೆ ಕೆಲವು ದಿನ ಇದ್ದು, ಕಿಲೋ ಲೆಕ್ಕದಲ್ಲಿ ಹೋಗುತ್ತವೆ.

ಅಮೆರಿಕದವರು ಇದಕ್ಕೂ ಒಂದು ಅಚ್ಚು ಮಾಡಿಟ್ಟಿದ್ದಾರೆ. ಅಲ್ಲಿನ ಎಷ್ಟೋ ಊರ ಗ್ರಂಥಾಲಯಗಳಲ್ಲಿ ಆ ಊರಿನ ಚರಿತ್ರೆಗೇ ಒಂದು ಮೂಲೆ ಇರುತ್ತದೆ. ಹಳೆಯ ಪೇಪರು, ಫೋಟೋ, ಶಾಲೆಯ ಪುಸ್ತಕ, ಜಾತ್ರೆಯ ಕರಪತ್ರದಂಥವು ಅಲ್ಲಿ ಸೇರುತ್ತವೆ. ಅಮೆರಿಕದ ಸಂಸತ್ತಿನ ಗ್ರಂಥಾಲಯ 2007ರಿಂದ ಕ್ರಾನಿಕ್ಲಿಂಗ್ ಅಮೆರಿಕ ಎಂಬ ಜಾಲತಾಣದಲ್ಲಿ ಸಣ್ಣ ಸಣ್ಣ ಊರುಗಳ ಹಳೆಯ ಪತ್ರಿಕೆಗಳನ್ನೂ ಪುಕ್ಕಟೆ ಓದಲು ಇಟ್ಟಿದೆ. ಶಿರಹಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು 1863ರ ಅಮೆರಿಕದ ಯಾವುದೋ ಊರಿನ ಪೇಪರಿನಲ್ಲಿ ಹತ್ತಿಯ ಸುದ್ದಿ ಓದಬಹುದು. ಶಿರಹಟ್ಟಿಯದೇ ಇಪ್ಪತ್ತು ವರ್ಷದ ಹಿಂದಿನ ಸುದ್ದಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ನಾವು ಅಮೆರಿಕದಿಂದ ಬೀಜ ತಂದೆವು, ಅಂಕಿ ತಂದೆವು, ಡೈಜೆಸ್ಟ್ ತಂದೆವು, ಫ್ಯಾಂಟಮ್ ತಂದೆವು. ಈ ಅಚ್ಚನ್ನು ಮಾತ್ರ ಇನ್ನೂ ಸರಿಯಾಗಿ ತಂದಿಲ್ಲ.

ಇದಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ. ಒಂದು ದಪ್ಪ ರಿಜಿಸ್ಟರ್, ಕತ್ತರಿ, ಅಂಟು ಸಾಕು. ಪೇಪರು ರದ್ದಿಗೆ ಹೋಗುವ ಮೊದಲು ನಮ್ಮ ಊರು, ಸುತ್ತಲಿನ ಹಳ್ಳಿಗಳ ಸುದ್ದಿ ಕತ್ತರಿಸಿ ಅಂಟಿಸಬೇಕು. ಪಕ್ಕದಲ್ಲಿ ಪತ್ರಿಕೆಯ ಹೆಸರು, ತಾರೀಖು, ಊರು ಬರೆಯಬೇಕು. ತಾರೀಖು ಇಲ್ಲದ ತುಂಡು ಕೆಲಸಕ್ಕೆ ಬಾರದು. ಪುಟದ ಫೋಟೋ ತೆಗೆದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ವರ್ಷದ ಹೆಸರಿನ ಫೋಲ್ಡರಿಗೆ ಹಾಕಿದರೆ ಇನ್ನೂ ಭದ್ರ. ಜಾತ್ರೆ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಹಳೆಯ ಶಾಲಾ ಫೋಟೋ ಮನೆಯಲ್ಲಿದ್ದರೆ ಅವನ್ನೂ ಕೊಡಬಹುದು. ವಾರಕ್ಕೆ ಒಂದು ತಾಸಿನ ಕೆಲಸ.

ಹೋದ ವಾರ ಅದೇ ಹಳ್ಳಿಗೆ ಮತ್ತೆ ಹೋಗಿದ್ದೆವು. ಅಕ್ಕಾರು ಬಳಸದೆ ಉಳಿದಿದ್ದ ಹಳೆಯ ಹಾಜರಿ ಪುಸ್ತಕ ತೆಗೆದುಕೊಟ್ಟರು. ಚೀಲ ಪಕ್ಕಕ್ಕಿಟ್ಟು ಆ ಹುಡುಗನೇ ಅಂಟು ಹಚ್ಚಿದ. ಮೊದಲ ತುಂಡು ಯಾವುದಿರಬೇಕು ಎಂದು ನಾವು ಯೋಚಿಸುತ್ತಿದ್ದಾಗ ಅಜ್ಜಾರು ತಮ್ಮ ಕೈಯಲ್ಲಿದ್ದ ಪುಟ ಮುಂದೆ ಸರಿಸಿದರು.

“ಮೊದಲ ಶೇಂಗಾ ಧಾರಣಿ ಹಚ್ಚಲೇ ತಮ್ಮಾ. ಮುಂದ ನಿನ್ನ ಮಕ್ಕಳಿಗೆ ಗೊತ್ತಾಗ್ಲಿ, ನಾವು ಎಷ್ಟಕ್ಕ ಮಾರಿದ್ವಿ ಅಂತ.”

ಹುಡುಗ ತಾರೀಖು ಬರೆದ. ನಿಮ್ಮ ಊರ ಗ್ರಂಥಾಲಯದಲ್ಲಿ ಇಂಥ ಒಂದು ರಿಜಿಸ್ಟರ್ ಇದೆಯೇ ಎಂದು ನಾಳೆ ಒಮ್ಮೆ ಹೋಗಿ ಕೇಳ್ರಿ. ಇಲ್ಲದಿದ್ದರೆ ಒಂದು ಒಯ್ದು ಕೊಡ್ರಿ.